ಒಂದು ಕವಳದ ದೂರ

ಚನ್ನರಾಯಪಟ್ಟಣದ ಹತ್ತಿರ ರಾತ್ರಿ ಬಸ್ಸುಗಳು ಟೀಗೆ ನಿಲ್ಲುವ ಒಂದು ಹೋಟೆಲ್ ಮುಂದೆ, ಒಂದೂವರೆ ಗಂಟೆಯ ಹೊತ್ತಿಗೆ, ಒಂದೇ ಬಣ್ಣದ ಹತ್ತು ಹನ್ನೆರಡು ಬಸ್ಸು ಸಾಲಾಗಿ ನಿಂತಿದ್ದವು. ಶೃಂಗೇರಿಗೆ ಹೊರಟಿದ್ದ ನಮ್ಮ ಬಸ್ಸಿನ ಕಂಡಕ್ಟರ್ ತಲೆ ಎಣಿಸಿದರೆ ಒಂದು ಕಮ್ಮಿ. ನನ್ನ ಮುಂದಿನ ಸೀಟಿನಲ್ಲಿ ಒಂದು ನೀಲಿ ಬ್ಯಾಕ್‌ಪ್ಯಾಕ್ ಇತ್ತು, ಅದರ ಒಡತಿ ಇರಲಿಲ್ಲ. ಪಕ್ಕದ ಸೀಟಿನ ಹೆಂಗಸು ಎದ್ದು ನಿಂತು, "ನಿಂದರ್ರೀ ಸರ, ಆ ಹುಡುಗಿ ಇನ್ನಾ ಬಂದಿಲ್ಲ" ಎಂದು ಕೂಗಿದಳು. ಅವಳೂ ನಾನೂ ಇಳಿದು ಒಂದೊಂದೇ ಬಸ್ಸು ಹತ್ತಿ ಹುಡುಕಿದೆವು. ನಾಲ್ಕನೆಯದರಲ್ಲಿ ಸಿಕ್ಕಳು. ಧರ್ಮಸ್ಥಳದ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತು, ಆ ಸೀಟಿನ ನಿಜವಾದ ಯಜಮಾನರಾದ ಅಜ್ಜನಿಗೆ ತನ್ನ ಟಿಕೆಟ್ ತೋರಿಸುತ್ತಿದ್ದಳು. ನಂಬರೇನೋ ಸರಿಯಾಗಿಯೇ ಇತ್ತು, ಬಸ್ಸು ಬೇರೆ, ಅಷ್ಟೆ.

ಹೀಗೆ ನಮ್ಮ ಗುಂಪಾಯಿತು. ಬಸ್ಸು ತಪ್ಪಿಸಿಕೊಂಡಿದ್ದವಳು ಶಿಲ್ಲಾಂಗಿನವಳು, ಬೆಂಗಳೂರಿಗೆ ಬಂದು ಎಂಟು ತಿಂಗಳು. ಕೂಗಿ ನಿಲ್ಲಿಸಿದವಳು ಬಳ್ಳಾರಿಯ ನರ್ಸ್. ಹಿಂದಿನ ಸೀಟಿನಿಂದ ತಲೆ ತೂರಿಸಿ ಇಡೀ ಪ್ರಸಂಗ ಕೇಳಿಸಿಕೊಂಡವನು ತ್ರಿಶ್ಶೂರಿನವನು. ಹೆಸರಿಗಿಂತ ಊರೇ ಬೇಗ ಬಾಯಿಗೆ ಬಂದು, ಎರಡು ದಿನವೂ ಹಾಗೆಯೇ ಕರೆದುಕೊಂಡೆವು. ನಾನು ದಾವಣಗೆರೆ. ಬಳ್ಳಾರಿಗೆ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್. ಶಿಲ್ಲಾಂಗಿನ ಆಧಾರ್ ಕಾರ್ಡಿನಲ್ಲಿ ಮೇಘಾಲಯದ ವಿಳಾಸ ಇದ್ದದ್ದರಿಂದ ಅವಳಿಗೆ ಪೂರ್ತಿ ದುಡ್ಡು. "ನಾವಿಬ್ಬರೂ ಒಂದೇ ಜಾತಿ, ಫುಲ್ ಟಿಕೆಟ್ ಜಾತಿ" ಎಂದು ತ್ರಿಶ್ಶೂರ್ ಅವಳನ್ನು ಸಮಾಧಾನ ಮಾಡಿದ.

ಸೆಪ್ಟೆಂಬರ್ ಕೊನೆಯ ವಾರ. ಮಳೆ ಹೊರಟೇ ಹೋಯಿತು ಎಂದುಕೊಂಡು ಬಂದವರಿಗೆ ಶೃಂಗೇರಿ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಆರು ಗಂಟೆಗೇ ಉತ್ತರ ಸಿಕ್ಕಿತು. ವಿದ್ಯಾಶಂಕರ ದೇವಸ್ಥಾನ 1338ರದು. ಒಳಗೆ ಹನ್ನೆರಡು ರಾಶಿಗೆ ಹನ್ನೆರಡು ಕಂಬ. ಆಯಾ ಸೌರಮಾಸದಲ್ಲಿ ಬೆಳಗಿನ ಬಿಸಿಲು ಆಯಾ ರಾಶಿಯ ಕಂಬದ ಮೇಲೆಯೇ ಬೀಳುತ್ತದೆ ಎಂದು ಪ್ರತೀತಿ. ಲೆಕ್ಕದ ಪ್ರಕಾರ ಆಗ ಕನ್ಯಾ ಮಾಸ. ಕನ್ಯಾ ರಾಶಿಯ ಕಂಬ ಯಾವುದೆಂದು ಕೇಳಿಕೊಂಡು ಅದರ ಮುಂದೆ ಅರ್ಧ ಗಂಟೆ ಕಾದೆವು. ಬಿಸಿಲು ಇದ್ದರಲ್ಲವೇ ಬೀಳುವುದು? ಕಂಬದ ಸಿಂಹದ ಬಾಯೊಳಗೆ ಉರುಳುವ ಕಲ್ಲಿನ ಗುಂಡನ್ನು ಬಗ್ಗಿ ಬಗ್ಗಿ ನೋಡಿ ತೃಪ್ತಿಪಟ್ಟು, ತುಂಗೆಯ ಮೆಟ್ಟಿಲಿಗೆ ಇಳಿದೆವು. ಅಲ್ಲಿ ಮಂಡಕ್ಕಿ ಎಸೆದರೆ ನೀರೇ ಕಪ್ಪಾಗುವಷ್ಟು ಮೀನು. ತ್ರಿಶ್ಶೂರ್ ಅವುಗಳನ್ನು ನೋಡುತ್ತಿದ್ದ ರೀತಿಗೆ ಬಳ್ಳಾರಿ ಅವನ ಬೆನ್ನಿಗೊಂದು ಗುದ್ದು ಕೊಟ್ಟು, "ದೇವರ ಮೀನು ಅವು, ಸುಮ್ಕಿರು" ಎಂದಳು. ಮಧ್ಯಾಹ್ನ ಮಠದ ಊಟ. ಅದನ್ನು ವರ್ಣಿಸಲು ಹೋಗುವುದಿಲ್ಲ. ಬಿಸಿ ಸಾರು, ಹಸಿದ ಹೊಟ್ಟೆ.

ಬಸ್ ಸ್ಟ್ಯಾಂಡಿನಲ್ಲಿ ಆಗುಂಬೆ ಬಸ್ಸಿಗೆ ಕಾಯುವಾಗ ಮಾತಿಗೆ ಸಿಕ್ಕ ಹಿರಿಯರೊಬ್ಬರು ಮೊದಲು ತೆಗೆದದ್ದು ಸಹಕಾರ ಸಾರಿಗೆಯ ಸುದ್ದಿ. ಮಾಲೀಕರ ಕಂಪನಿ ನಿಂತಾಗ 1991ರಲ್ಲಿ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್‌ಗಳೇ ಸೇರಿ ಕೊಪ್ಪದಲ್ಲಿ ಕಟ್ಟಿಕೊಂಡ ಸಂಸ್ಥೆ ಅದು. ಬೇರೆ ಯಾರೂ ಹೋಗದ ಮಣ್ಣು ರಸ್ತೆಗೂ ಅದರ ಬಸ್ಸು ಹೋಗುತ್ತಿತ್ತಂತೆ. ನಷ್ಟದಲ್ಲಿ ಸಿಕ್ಕಿ 2020ರಲ್ಲಿ ನಿಂತುಹೋಯಿತು. "ಗೇಟಿನ ಹತ್ರ ಕೈ ಅಡ್ಡ ಹಿಡಿದ್ರೆ ಸಾಕಿತ್ತು ಮಾರಾಯ್ರೆ. ನಮ್ಮ ಮನೆಯೋರು ಬಂದ್ರೋ ಇಲ್ವೋ ಅಂತ ಡ್ರೈವರಿಗೇ ಗೊತ್ತಿರ್ತಿತ್ತು" ಎಂದರು. ಊರಿಗೆ ಬಂದ ಅತಿಥಿಗೆ ದೇವಸ್ಥಾನದ ಮಹಿಮೆ ಹೇಳದೆ ನಿಂತುಹೋದ ಬಸ್ಸಿನ ಕಥೆ ಹೇಳುವ ಜನ ನನಗೆ ಇಷ್ಟ.

ಆಗುಂಬೆಗೆ ಸುಮಾರು 30 ಕಿ.ಮೀ. ದಾರಿ. ಖಾಸಗಿ ಬಸ್ಸು, ಬಳ್ಳಾರಿಯೂ ಟಿಕೆಟ್ ತಗೊಳ್ಳಬೇಕಾಯಿತು, ಅದಕ್ಕೆ ಅವಳಿಗೆ ಸ್ವಲ್ಪ ಸಿಟ್ಟು. ಉದ್ದ ಸೀಟಿನಲ್ಲಿ ನಮ್ಮ ಜೊತೆ ಒಬ್ಬರು ಅಮ್ಮ ಕೂತಿದ್ದರು. ಎಪ್ಪತ್ತರ ಮೇಲಿರಬೇಕು. ಮಡಿಲಲ್ಲಿ ಬಟ್ಟೆಯ ಸಂಚಿ. ಬಸ್ಸು ಹೊರಟು ಹತ್ತು ನಿಮಿಷಕ್ಕೆ ಬಳ್ಳಾರಿ ಕಿಟಾರನೆ ಕಿರುಚಿದಳು. ತುಂಗೆಯ ದಂಡೆಯ ತೋಟದ ದಾರಿಯಲ್ಲಿ ಅಡ್ಡಾಡಿದ್ದರ ಫಲವಾಗಿ ಕಾಲಿನ ಹರಡಿನ ಮೇಲೆ ರಕ್ತ ಹೀರುವ ಬೆರಳುದ್ದದ ಉಂಬಳ. ದಿನಾ ರಕ್ತ ನೋಡುವವಳು ಹೀಗೆ ಹೆದರಿದ್ದು ನಮಗೆ ನಗು. ಅವಳು ಕೀಳಲು ಹೋದಾಗ ಅಮ್ಮ ಕೈ ತಡೆದರು. "ಕೀಳಬೇಡ್ದೇ, ಗಾಯ ಆಗ್ತದೆ." ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಗೆ ಒಂದಿಷ್ಟು ಸುಣ್ಣ ತಗೊಂಡು ಉಂಬಳದ ಬಾಯಿಗೆ ಸವರಿದರು. ಅದು ಮುದುಡಿ ಕೆಳಗೆ ಬಿತ್ತು. ಬೆರಳಿನಲ್ಲಿ ಉಳಿದ ಸುಣ್ಣವನ್ನು ಹಾಳು ಮಾಡುವುದೇಕೆಂದು ಒಂದು ವೀಳ್ಯದೆಲೆಗೆ ಒರೆಸಿ, ಅದಕ್ಕೆ ಎರಡು ಹೋಳು ಹಸಿ ಅಡಿಕೆ ಇಟ್ಟು ಮಡಚತೊಡಗಿದರು.

ಶಿಲ್ಲಾಂಗ್ ಸೀಟಿನಿಂದ ಅರ್ಧ ಎದ್ದೇಬಿಟ್ಟಳು. "ಕ್ವಾಯ್!"

ಅವಳ ನಾಡಿನಲ್ಲಿ ಅದಕ್ಕೆ ಹಾಗೆನ್ನುತ್ತಾರೆ. ಎಲೆ, ಸುಣ್ಣ, ಹಸಿ ಅಡಿಕೆ, ಅದೇ ಮೂರು. ಮನೆಗೆ ಯಾರೇ ಬಂದರೂ ಮೊದಲು ಕ್ವಾಯ್, ಆಮೇಲೆ ಮಾತು. ಬೆಂಗಳೂರಿನಲ್ಲಿ ಎಂಟು ತಿಂಗಳು ಬೀಡಾ ಅಂಗಡಿಯ ಸಿಹಿ ಗುಲ್ಕಂದು ತಿಂದು ಸೋತಿದ್ದ ಹುಡುಗಿಗೆ ಅಮ್ಮ ಒಂದು ಕವಳ ಕೊಟ್ಟರು. ಅವಳು ಅದನ್ನು ದವಡೆಗೆ ಒತ್ತಿಕೊಂಡ ಪರಿ ನೋಡಿಯೇ ಅಮ್ಮನಿಗೆ ಗೊತ್ತಾಯಿತು, ಇದು ಅಭ್ಯಾಸದ ಬಾಯಿ ಎಂದು. ಬಳ್ಳಾರಿಯೂ ಒಂದು ಹಾಕಿಕೊಂಡಳು. ಐದು ನಿಮಿಷಕ್ಕೆ ಆ ಥಂಡಿಯಲ್ಲೂ ಹಣೆಯಲ್ಲಿ ಬೆವರು, ಕಿವಿ ಕೆಂಪು. "ಅಡಿಕೆ ಸೊಕ್ಕಿತು, ನೀರು ಕುಡಿ" ಎಂದು ಅಮ್ಮ ನಕ್ಕರು.

ಆಮೇಲಿನದಕ್ಕೆಲ್ಲ ನಾನೇ ದುಭಾಷಿ. ಅಮ್ಮನ ಮೊದಲ ಪ್ರಶ್ನೆ ನಿನ್ನ ಹೆಸರೇನು ಎಂದಾಗಲಿ, ಮದುವೆ ಆಗಿದೆಯಾ ಎಂದಾಗಲಿ ಅಲ್ಲ. "ಅವರಲ್ಲಿ ಕ್ವಿಂಟಾಲಿಗೆ ಎಷ್ಟು ನಡೀತಾ ಉಂಟು ಕೇಳು." ಶಿಲ್ಲಾಂಗಿಗೆ ಗೊತ್ತಿಲ್ಲ. ಅವಳ ತಾಯಿಯ ಕಡೆಯವರ ತೋಟ ಬಾಂಗ್ಲಾದೇಶದ ಕಡೆಗೆ ಇಳಿಯುವ ಬೆಟ್ಟದ ಮಗ್ಗುಲಲ್ಲಿ ಇದೆ, ಅಡಿಕೆ ಮರಕ್ಕೇ ವೀಳ್ಯದ ಬಳ್ಳಿ ಹಬ್ಬಿಸುತ್ತಾರೆ, ಅಷ್ಟು ಹೇಳಿದಳು. ಎರಡನೆಯ ಪ್ರಶ್ನೆ, "ಕೊಳೆ ಬರ್ತದಾ?" ಇಲ್ಲಿ ಮಳೆ ಒಂದು ವಾರ ಹೆಚ್ಚು ಹಿಡಿದರೆ ಕೊಳೆರೋಗ. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡಬೇಕು, ಮರ ಹತ್ತುವವರು ಸಿಗಬೇಕು, ಎರಡೂ ಒಂದೇ ದಿನ ಆಗಬೇಕು. ಕೊಳೆ ಸಾಲದು ಎಂದು ಹಳದಿ ಎಲೆ ರೋಗ, ಅದೂ ಸಾಲದು ಎಂದು ಈಚೆಗೆ ಎಲೆಚುಕ್ಕಿ. "ಮಠದ ಊರಾದ್ರೂ ಅಡಿಕೆಗೆ ಮಾತ್ರ ದೇವ್ರಿಲ್ಲ" ಎಂದರು ಅಮ್ಮ, ಸಿಟ್ಟಿಲ್ಲದೆ.

ಹಿಂದೆ ಶಿಲ್ಲಾಂಗಿನ ಕಡೆಯ ಖಾಸಿ ಗುಡ್ಡಗಳಲ್ಲಿ ದಾರಿಯನ್ನು ಕ್ವಾಯ್‌ನಲ್ಲಿ ಅಳೆಯುತ್ತಿದ್ದರಂತೆ. ಆ ಊರಿಗೆ ಎಷ್ಟು ದೂರ ಎಂದರೆ ಎರಡು ಕ್ವಾಯ್, ಮೂರು ಕ್ವಾಯ್. ಅವಳು ಇದನ್ನು ಹೇಳಿದಾಗ ಅಮ್ಮ ತಲೆಯಾಡಿಸಿ, ತಮ್ಮ ಯಜಮಾನರೂ ಹಾಗೆಯೇ ಇದ್ದರು, ತೋಟಕ್ಕೆ ಹೋಗಿ ಬರುವುದರೊಳಗೆ ಎರಡು ಕವಳ, ಈಗ ಹೋಗಿ ನಾಲ್ಕು ವರ್ಷವಾಯಿತು ಎಂದರು. ನಾನು ಶಿಲ್ಲಾಂಗಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಅಗಿಯುವುದನ್ನು ನಿಲ್ಲಿಸಿ, ನಿಧಾನಕ್ಕೆ ಒಂದು ಮಾತು ಹೇಳಿದಳು. ಅವರಲ್ಲಿ ಯಾರಾದರೂ ತೀರಿಕೊಂಡರೆ ಸತ್ತರು ಎನ್ನುವುದಿಲ್ಲ. ದೇವರ ಮನೆಯಂಗಳದಲ್ಲಿ ಕ್ವಾಯ್ ತಿನ್ನುತ್ತಾ ಕೂತಿದ್ದಾರೆ ಎನ್ನುತ್ತಾರೆ.

ಅದನ್ನು ಕನ್ನಡಕ್ಕೆ ತರುವಾಗ ಕ್ವಾಯ್ ಬದಲು ಕವಳ ಎಂದೆ. ಅಮ್ಮ ಕಿಟಕಿಯ ಕಡೆ ತಿರುಗಿದರು. ಮಳೆಗೆ ಗಾಜು ಏರಿಸಿತ್ತು, ಹೊರಗೆ ಏನೂ ಕಾಣುತ್ತಿರಲಿಲ್ಲ. ಬೇಗಾರು ದಾಟಿ ಒಂದು ತೋಟದ ಗೇಟಿನ ಹತ್ತಿರ ಬಸ್ಸು ನಿಂತಿತು. ಇಳಿಯುವ ಮುಂಚೆ ಸಂಚಿಯಲ್ಲಿದ್ದ ಉಳಿದ ಎಲೆ, ಅಡಿಕೆ, ಜೊತೆಗೆ ಸುಣ್ಣದ ಡಬ್ಬಿಯನ್ನೂ ಹಳೆ ಪೇಪರಿನಲ್ಲಿ ಸುತ್ತಿ ಶಿಲ್ಲಾಂಗಿನ ಕೈಗಿಟ್ಟು, "ಉಂಬಳಕ್ಕೂ ಆಗ್ತದೆ" ಎಂದರು. ಅವಳು "ಖುಬ್ಲೈ" ಎಂದಳು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಆಗುಂಬೆಯಲ್ಲಿ ನಾವು ಉಳಿದ ಮನೆಯವರು ಕಷಾಯ ಕೊಡುತ್ತಾ, ಎಲ್ಲ ಅತಿಥಿಗಳಿಗೂ ಹೇಳುವಂತೆ, ಇದು ದಕ್ಷಿಣದ ಚಿರಾಪುಂಜಿ ಎಂದರು. ಶಿಲ್ಲಾಂಗ್ ಕಷಾಯದ ಲೋಟ ಕೆಳಗಿಟ್ಟಳು. ಚಿರಾಪುಂಜಿಗೆ ಅವರು ಕರೆಯುವುದು ಸೋಹ್ರಾ ಎಂದು. ಅದು ಅವಳ ಊರಿನ ಪಕ್ಕದ್ದೇ. ಯಜಮಾನರು ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ ಎಂದರೆ ಅವಳು 1861ರ ಜುಲೈ ಒಂದೇ ತಿಂಗಳಿಗೆ ಸೋಹ್ರಾದಲ್ಲಿ 9,300 ಮಿ.ಮೀ. ಎಂದಳು. ಯಜಮಾನರು ಸುಮ್ಮನೆ ಕೂರುವವರಲ್ಲ. 1946ರ ಆಗಸ್ಟಿನಲ್ಲಿ ಇಲ್ಲಿ ಒಂದೇ ತಿಂಗಳಿಗೆ 4,508 ಎಂದರು. ಆಟದಲ್ಲಿ ಸೋತರೂ ಅವರೇನೂ ಬೇಸರಪಡಲಿಲ್ಲ. ಒಳಗೆ ಹೋಗಿ ಗೋಡೆಗೆ ತೂಗುಹಾಕಿದ್ದ ಹಳೆಯ ಗೊರಬು ತಂದು ಅವಳ ತಲೆಗೆ ಹಾಕಿದರು. ಬಿದಿರಿನ ಸೀಳಿಗೆ ಎಲೆ ಹೊದಿಸಿದ್ದು, ತಲೆಯಿಂದ ಸೊಂಟದವರೆಗೆ ದೋಣಿ ಬೋರಲು ಹಾಕಿದಂತೆ. ಪ್ಲಾಸ್ಟಿಕ್ ಬರುವ ಮುಂಚೆ ನಟ್ಟಿ ಮಾಡುವವರ ಬೆನ್ನ ಮೇಲೆ ಇದೇ ಇರುತ್ತಿತ್ತು, ಎರಡೂ ಕೈ ಕೆಲಸಕ್ಕೆ ಖಾಲಿ. ಅವಳು ಫೋನಿನಲ್ಲಿ ಖಾಸಿ ಹೆಂಗಸರ ಚಿತ್ರ ತೋರಿಸಿದಳು. ಅವರದಕ್ಕೆ ಹೆಸರು ಕ್ನೂಪ್. ತಂದು ಪಕ್ಕದಲ್ಲಿಟ್ಟರೆ ಯಾವುದು ಯಾರದೆಂದು ಹೇಳಲು ನನಗಂತೂ ಆಗುತ್ತಿರಲಿಲ್ಲ.

ಮಾಲ್ಗುಡಿ ಡೇಸ್ ಚಿತ್ರೀಕರಣವಾದ ಆಗುಂಬೆಯ ದೊಡ್ಡಮನೆ, ಕಾಳಿಂಗ ಸರ್ಪ, ಇವುಗಳ ಬಗ್ಗೆ ಬರೆಯದವರಿಲ್ಲ, ನಾನು ಬಿಡುತ್ತೇನೆ. ಸಂಜೆ ಸೂರ್ಯಾಸ್ತ ನೋಡುವ ಕಟ್ಟೆಗೂ ಹೋದೆವು. ಶುಭ್ರವಾಗಿದ್ದರೆ ಅರಬ್ಬಿ ಸಮುದ್ರದವರೆಗೆ ಕಾಣುವ ಜಾಗ ಅದು. ನಮಗೆ ಕಂಡದ್ದು ಕಟ್ಟೆಯ ಕಂಬಿ, ಅದರಾಚೆ ಬಿಳಿ. ಬೆಳಗಿನಿಂದ ಸೂರ್ಯ ತಪ್ಪಿಸಿಕೊಂಡದ್ದು ಎರಡನೆಯ ಸಲ.

ಭಾನುವಾರ ಬೆಳಿಗ್ಗೆ ಮಿನಿ ಬಸ್ಸು. ಘಾಟಿಯ ತಿರುವಿಗೆ ದೊಡ್ಡ ಬಸ್ಸು ಹಿಡಿಸುವುದಿಲ್ಲ, ಅದಕ್ಕೇ ಈ ದಾರಿಗೆ ಕುಳ್ಳ ಬಸ್ಸುಗಳು. ಹೇರ್‌ಪಿನ್ ತಿರುವು 14 ಎಂದು ಎಲ್ಲರೂ ಹೇಳುತ್ತಾರೆ. ತ್ರಿಶ್ಶೂರ್ ಎಣಿಸಿ 13 ಎಂದ, ಬಳ್ಳಾರಿ 16 ಎಂದಳು, ಆದರೆ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಪ್ರತಿ ತಿರುವಿಗೂ ಡ್ರೈವರ್ ಮೊದಲು ಹಾರ್ನ್, ಆಮೇಲೆ ಸ್ಟೇರಿಂಗ್. ಕೆಳಗಿನಿಂದ ಏದುಸಿರು ಬಿಡುತ್ತಾ ಬರುವ ಗಾಡಿಗೆ ಇಳಿಯುವವರು ನಿಂತು ದಾರಿ ಕೊಡಬೇಕು. ಹಾಗೆ ನಿಂತಾಗ ಕಾದ ಬ್ರೇಕಿನ ವಾಸನೆ, ಒದ್ದೆ ಎಲೆಯ ವಾಸನೆ ಎರಡೂ ಒಟ್ಟಿಗೆ ಒಳಗೆ ಬರುತ್ತದೆ. ಕಿವಿ ಪಟ್ಟೆಂದು ತೆರೆಯಿತು. ಮೇಲೆ "ರೈಟ್" ಎನ್ನುತ್ತಿದ್ದ ಕಂಡಕ್ಟರ್ ಸೋಮೇಶ್ವರ ಮುಟ್ಟುವಷ್ಟರಲ್ಲಿ ತುಳುವಿನಲ್ಲಿ "ಪೋಯಿ ಪೋಯಿ" ಎನ್ನತೊಡಗಿದ್ದ. ಹೆಬ್ರಿಯಲ್ಲಿ ಇಳಿದರೆ ಕಣ್ಣು ಬಿಡಲಾಗದ ಬಿಸಿಲು. ಎರಡು ದಿನದಿಂದ ಹುಡುಕುತ್ತಿದ್ದ ಆಸಾಮಿ ಇಲ್ಲಿ ಬಸ್ ಸ್ಟ್ಯಾಂಡಿನ ನೆತ್ತಿಯ ಮೇಲೆ ಕೂತಿದ್ದ. ಎಳನೀರು ಕುಡಿಯುತ್ತಾ ನಾನು, ಈ ಸೀಮೆಯಲ್ಲಿ ಹಿಂದೆ ಆಸ್ತಿ ಹೆಣ್ಣಿನ ಕಡೆಯಿಂದ ಬರುತ್ತಿತ್ತು, ಅಳಿಯಸಂತಾನ ಎನ್ನುತ್ತಿದ್ದರು ಎಂದು ಶಿಲ್ಲಾಂಗಿಗೆ ಹೇಳಿದೆ. ಅವಳು, "ನಮ್ಮಲ್ಲಿ ಈಗಲೂ. ಮನೆ ಕಿರಿಮಗಳಿಗೆ, ಅಂದರೆ ನನಗೆ" ಎಂದಳು. ತ್ರಿಶ್ಶೂರ್ ಕೂಡಲೇ ಅವಳ ಎಳನೀರಿನ ದುಡ್ಡು ಕೊಟ್ಟ.

ಉಡುಪಿಯಲ್ಲಿ ರಾತ್ರಿ ಬಸ್ಸಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತಾಗ ತ್ರಿಶ್ಶೂರ್ ಕಾಲು ತುರಿಸುತ್ತಿದೆ ಎಂದು ಶೂ ಬಿಚ್ಚಿದ. ಸಾಕ್ಸ್ ಕೆಂಪಾಗಿತ್ತು. ಒಳಗೆ, ಹೆಬ್ಬೆರಳಿನ ಸಂದಿಯಲ್ಲಿ, ಹುಣಸೆಬೀಜದಂತೆ ಊದಿಕೊಂಡ ಉಂಬಳ. ಶಿಲ್ಲಾಂಗ್ ಮಾತಿಲ್ಲದೆ ಪೇಪರ್ ಪೊಟ್ಟಣ ಬಿಚ್ಚಿ ಸುಣ್ಣ ಸವರಿದಳು. ಬೆರಳಿನಲ್ಲಿ ಉಳಿದದ್ದನ್ನು ಕೊನೆಯ ಎಲೆಗೆ ಒರೆಸಿ ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡಳು. ಬಳ್ಳಾರಿ ಬಗ್ಗಿ, ನೆಲಕ್ಕೆ ಬಿದ್ದ ಉಂಬಳವನ್ನೇ ನೋಡುತ್ತಾ, "ಆಗುಂಬಿಯಿಂದ ಇಲ್ಲೀತನಕ ಪ್ರೈವೇಟ್ ಬಸ್ಸಿನಾಗ ಫ್ರೀಯಾಗಿ ಬಂದದ್ದು ಇದೊಂದೇ ನೋಡ್ರಿ" ಎಂದಳು.