ಒಂದೇ ಜಾಗದ ತೂತು

ಟಕ್ ಅಂತ ಒಂದು ಸದ್ದು. ಅಷ್ಟೇ. ವೈಸಿನಲ್ಲಿ ಕಚ್ಚಿಸಿದ್ದ ಗಾಲ್ಫ್ ಕ್ಲಬ್ಬಿನ ತಲೆ ಅಲ್ಲೇ ಉಳಿಯಿತು, ಕೋಲು ಕೂರುವ ಅದರ ಕುತ್ತಿಗೆ ನನ್ನ ಕೈಯ ಸರಳಿನ ಜೊತೆ ಬಂತು.

ಜುಲೈ ತಿಂಗಳ ಒಂದು ಶನಿವಾರ. ಮಂಗಳೂರಿನ ಬೈಕಂಪಾಡಿಯಲ್ಲಿ ಬೆಳಿಗ್ಗೆಯಿಂದ ಬಿಡದ ಮಳೆ. ಶೆಡ್ಡಿನ ಶೀಟಿನ ಮೇಲೆ ಬೀಳುವ ನೀರಿನ ಸದ್ದಿಗೆ ಪಕ್ಕದಲ್ಲಿದ್ದವರ ಮಾತೂ ಕೇಳುತ್ತಿರಲಿಲ್ಲ. ಆದರೂ ಆ ಟಕ್ ಎಲ್ಲರಿಗೂ ಕೇಳಿಸಿತು. ಗ್ರೈಂಡಿಂಗ್‌ನ ಹುಡುಗರು ತಿರುಗಿ ನೋಡಿದರು.

ನಮ್ಮದು ಲೋಹದ ಎರಕ ಹೊಯ್ಯುವ ಚಿಕ್ಕ ಫೌಂಡ್ರಿ. ಪಂಪಿನೊಳಗೆ ತಿರುಗುವ ಇಂಪೆಲ್ಲರ್, ವಾಲ್ವಿನ ಭಾಗ, ಬೋಟಿಗೆ ಬೇಕಾದ ಸಣ್ಣಪುಟ್ಟ ಸ್ಟೀಲ್ ಸಾಮಾನು, ಇವೇ ನಮ್ಮ ಅನ್ನ. ಗಾಲ್ಫ್ ಕ್ಲಬ್ಬಿನ ತಲೆ ಮಾಡಿಕೊಡಿ ಅಂತ ಸ್ಯಾಂಪಲ್ ಆರ್ಡರ್ ಬಂದದ್ದು ಅದೇ ಮೊದಲು. ಡ್ರಾಯಿಂಗ್ ಮಾಡಿದವನು ನಾನು. ಪಿಲಿಕುಳದ ಗಾಲ್ಫ್ ಮೈದಾನದ ಪಕ್ಕದಲ್ಲಿ ಎಷ್ಟೋ ಸಲ ಹಾದುಹೋಗಿದ್ದೆ, ಒಂದು ಕ್ಲಬ್ಬನ್ನೂ ಕೈಯಲ್ಲಿ ಹಿಡಿದವನಲ್ಲ. ಹಾಗಾಗಿ ಈ ಕೆಲಸಕ್ಕೆ ಕೈ ಹಾಕಿದಾಗ ನನಗೆ ನಿಜಕ್ಕೂ ಖುಷಿ ಇತ್ತು.

ಕುತ್ತಿಗೆಯನ್ನು ಬಗ್ಗಿಸುವುದು ಯಾಕೆ ಅಂತ ಕೇಳಬಹುದು. ಆಡುವವರ ಎತ್ತರ, ನಿಲ್ಲುವ ರೀತಿ ಒಬ್ಬೊಬ್ಬರದು ಒಂದೊಂದು ಥರ. ಅದಕ್ಕೆ ತಕ್ಕ ಹಾಗೆ ಕೋಲಿಗೂ ತಲೆಗೂ ನಡುವಿನ ಕೋನವನ್ನು ಒಂದೆರಡು ಡಿಗ್ರಿ ಬಗ್ಗಿಸಿ ಕೊಡುತ್ತಾರೆ. ಅದಕ್ಕೆಂದೇ 431 ಎಂಬ ಸ್ಟೇನ್‌ಲೆಸ್ ಸ್ಟೀಲ್ ಆರಿಸಿದ್ದೆವು. ನೂರರಲ್ಲಿ ಸುಮಾರು 16 ಪಾಲು ಕ್ರೋಮಿಯಂ, 2 ಪಾಲು ನಿಕಲ್. ಸರಿಯಾಗಿ ಹದ ಮಾಡಿದರೆ ಬಗ್ಗುತ್ತದೆ. ನನ್ನದು ಬಗ್ಗಲಿಲ್ಲ, ಮುರಿಯಿತು. ಚೆನ್ನಾಗಿ ಬೀಸುವವರ ಕೈಯಲ್ಲಿ ಈ ತಲೆ ಗಂಟೆಗೆ 120 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ತಿರುಗುತ್ತದೆ. ಸುಮಾರು 270 ಗ್ರಾಂ ಉಕ್ಕು. ಆ ವೇಗದಲ್ಲಿ ಕುತ್ತಿಗೆ ಕಳಚಿದರೆ ಎದುರಿಗೆ ನಿಂತವರ ಗತಿ ಏನು? ಮುರಿದ ತುಂಡು ಕೈಯಲ್ಲಿ ಹಿಡಿದು ನನಗೆ ಅದೇ ಯೋಚನೆ.

ಮುರಿದ ಜಾಗದಲ್ಲಿ ಬೇಳೆ ಕಾಳಿನಷ್ಟು ತೂತು ಇತ್ತು.

ಶೆಡ್ಡಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಬ್ಲೋಹೋಲ್, ಅಂದರೆ ಗಾಳಿಯ ಗುಳ್ಳೆ ಸಿಕ್ಕಿಬಿದ್ದು ಆದ ತೂತು. ನಮ್ಮಲ್ಲಿ ಎರಕದಲ್ಲಿ ಯಾವ ತೂತು ಕಂಡರೂ ಅದು ಬ್ಲೋಹೋಲೇ. ಅದಕ್ಕೆ ಕಾರಣವೂ ಸಿದ್ಧವಾಗಿತ್ತು, ಮಳೆ. ಮಳೆಗಾಲದಲ್ಲಿ ಶೆಲ್, ಅಂದರೆ ಉಕ್ಕು ಹೊಯ್ಯುವ ಸೆರಾಮಿಕ್ ಅಚ್ಚು, ಸರಿಯಾಗಿ ಒಣಗುವುದಿಲ್ಲ ಅನ್ನುವುದು ಸುಳ್ಳಲ್ಲ. ಮೇಣದ ತಲೆಗಳನ್ನು ಒಂದು ಕಾಂಡಕ್ಕೆ ಅಂಟಿಸಿ ಟ್ರೀ ಕಟ್ಟುತ್ತೇವೆ. ಅದನ್ನು ಸೆರಾಮಿಕ್ ಸ್ಲರಿಯಲ್ಲಿ ಅದ್ದಿ, ಮೇಲೆ ಮರಳು ಉದುರಿಸಿ, ಒಣಗಿಸಿ, ಮತ್ತೆ ಅದ್ದುತ್ತೇವೆ. ಹೀಗೆ ಏಳು ಪದರ. ಗಾಳಿಯೇ ಒದ್ದೆಯಾಗಿರುವ ಈ ಊರಲ್ಲಿ ಒಂದೊಂದು ಪದರ ಒಣಗಿಸುವುದೂ ಒಂದು ಹೋರಾಟ. ಆಮೇಲೆ ಹಬೆಯಲ್ಲಿಟ್ಟು ಮೇಣ ಕರಗಿಸಿ ತೆಗೆದು, ಶೆಲ್ ಸುಟ್ಟು, ಕೆಂಪಗಿರುವಾಗಲೇ ಸುಮಾರು 1,600 ಡಿಗ್ರಿಯ ಉಕ್ಕು ಹೊಯ್ಯುವುದು.

ಹಿಂದಿನ ಬ್ಯಾಚಿನಲ್ಲೂ ತೂತು ಬಂದಿತ್ತು. ಆಗ ನಾನು ಹೇಳಿದ್ದು, ಉಕ್ಕನ್ನು ಇನ್ನಷ್ಟು ಬಿಸಿ ಮಾಡಿ ಹೊಯ್ಯಿರಿ ಅಂತ. ಬಿಸಿ ಇದ್ದರೆ ಎಲ್ಲ ಕಡೆ ಚೆನ್ನಾಗಿ ಹರಿದು ತುಂಬುತ್ತದೆ ಅಂತ ನನ್ನ ಲೆಕ್ಕ. ತೂತು ಇನ್ನೂ ದೊಡ್ಡದಾಯಿತು. ಅದಕ್ಕೆ ಬೈಗುಳ ಕೇಳಿದ್ದು ಎರಕ ಹೊಯ್ಯುವ ಮೇಸ್ತ್ರಿ. ಅದು ನನಗೆ ಈಗಲೂ ಚುಚ್ಚುತ್ತದೆ. ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತ ಮನುಷ್ಯ ಅವರು, ಒಂದು ಮಾತೂ ತಿರುಗಿ ಆಡಿರಲಿಲ್ಲ.

ಆ ಶನಿವಾರ ಅವರೇ ಹತ್ತಿರ ಬಂದರು. ಮುರಿದ ತುಂಡು ಕೈಗೆ ತಗೊಂಡು ಬೆಳಕಿಗೆ ಹಿಡಿದರು.

"ಸರ್, ಒಂದು ಮಾತು ಹೇಳ್ಲಾ?"

"ಹೇಳಿ ಮೇಸ್ತ್ರಿ."

"ಮಳೆಯದ್ದೇ ದೋಷ ಆದ್ರೆ ತೂತು ಕಂಡಲ್ಲೆಲ್ಲ ಬೀಳ್ಬೇಕಲ್ವಾ? ಇದು ಪ್ರತಿ ಸಲ ಕುತ್ತಿಗೆಯ ಬುಡದಲ್ಲೇ ಎಂತಕ್ಕೆ ಬೀಳುದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ರಿಜೆಕ್ಟ್ ಆದ ಇನ್ನೂ ನಾಲ್ಕು ತಲೆ ತರಿಸಿದೆ. ಕಟ್‌ಆಫ್ ವೀಲಿನಲ್ಲಿ ಕುತ್ತಿಗೆಯ ಬುಡಕ್ಕೆ ಸರಿಯಾಗಿ ಉದ್ದಕ್ಕೆ ಸೀಳಿಸಿದೆ. ನಾಲ್ಕರಲ್ಲೂ ಒಂದೇ ಜಾಗ. ಬೆರಳಿಟ್ಟು ತೋರಿಸುವ ಹಾಗೆ.

ಕಿಟಕಿಯ ಹತ್ತಿರ ಹೋಗಿ ಲೆನ್ಸ್ ಹಿಡಿದು ನೋಡಿದೆ. ಗಾಳಿಯ ಗುಳ್ಳೆಯಿಂದಾದ ತೂತು ದುಂಡಗೆ, ಒಳಗೆ ನಯವಾಗಿ, ಹೊಳೆಯುತ್ತಾ ಇರುತ್ತದೆ. ಇದು ಹಾಗಿರಲಿಲ್ಲ. ಅಂಚು ಹರಿದ ಹಾಗೆ ಒರಟು. ಒಳಗೆ ಸಣ್ಣ ಸಣ್ಣ ಜರಿಗಿಡ ಬೆಳೆದ ಹಾಗಿತ್ತು. ನಡುವೆ ಒಂದು ದಂಟು, ಎರಡೂ ಬದಿಗೆ ಎಳೆ ಎಳೆಯಾಗಿ ಕೈಗಳು, ಆ ಕೈಗಳಿಗೂ ಮತ್ತೆ ಕೈಗಳು. ಕಿಟಕಿಯ ಹೊರಗೆ ಕಾಂಪೌಂಡಿನ ಕೆಂಪುಕಲ್ಲಿನ ಸಂದಿಯಲ್ಲಿ ಮಳೆಗೆ ಚಿಗುರಿದ ಜರಿಗಿಡಗಳಿದ್ದವು. ಒಮ್ಮೆ ಅದನ್ನು ನೋಡಿದೆ, ಒಮ್ಮೆ ಇದನ್ನು ನೋಡಿದೆ. ಅದೇ ಆಕಾರ. ಇದು ಉಕ್ಕಿನದು, ಅಷ್ಟೇ ವ್ಯತ್ಯಾಸ.

ಉಕ್ಕು ಗಟ್ಟಿಯಾಗುವುದೇ ಹೀಗೆ. ಕವಲೊಡೆಯುತ್ತಾ ಹರಳುಗಳು ಬೆಳೆಯುತ್ತವೆ, ಅವುಗಳ ನಡುವೆ ದ್ರವ ತುಂಬಿಕೊಂಡು ಕೊನೆಗೆ ಎಲ್ಲವೂ ಒಂದಾಗುತ್ತದೆ. ಗಟ್ಟಿಯಾಗುವಾಗ ಉಕ್ಕು 3ರಿಂದ 4 ಪರ್ಸೆಂಟ್ ಕುಗ್ಗುತ್ತದೆ. ಕುಗ್ಗಿದಷ್ಟು ಜಾಗಕ್ಕೆ ಬೇರೆ ಕಡೆಯಿಂದ ದ್ರವ ಹರಿದು ಬರಬೇಕು. ಬರಲಿಲ್ಲ ಅಂದರೆ ಆ ಜರಿಗಿಡ ಬೋಳಾಗಿ ನಿಲ್ಲುತ್ತದೆ, ಸುತ್ತ ತೂತು ಉಳಿಯುತ್ತದೆ. ನಾನು ನೋಡುತ್ತಿದ್ದದ್ದು ಬ್ಲೋಹೋಲ್ ಅಲ್ಲವೇ ಅಲ್ಲ, ಶ್ರಿಂಕೇಜ್. ಮಳೆಗೂ ಅದಕ್ಕೂ ಸಂಬಂಧ ಇರಲಿಲ್ಲ. ಮೇಸ್ತ್ರಿಯ ಕೈಗೂ ಸಂಬಂಧ ಇರಲಿಲ್ಲ. ಅದು ನನ್ನ ಡ್ರಾಯಿಂಗಿನಲ್ಲಿತ್ತು.

ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಸಾಗುವಾನಿ ಎಲೆಯಲ್ಲಿ ಹಲಸಿನ ಹಣ್ಣಿನ ಗಟ್ಟಿ ಮಾಡುತ್ತಾರಲ್ಲ, ಹಬೆಯಿಂದ ತೆಗೆದ ಮೇಲೆ ಅಂಚು ಬೇಗ ಆರುತ್ತದೆ. ಅಂಚು ಆರಿತು ಅಂತ ನಂಬಿ ನಡುವಿಗೆ ಬಾಯಿ ಹಾಕಿದರೆ ನಾಲಗೆ ಸುಡುತ್ತದೆ. ದಪ್ಪ ಇರುವ ಜಾಗ ಕೊನೆಗೆ ಆರುವುದು. ಎರಕದಲ್ಲೂ ಅದೇ. ಇದಕ್ಕೆ 1940ರಲ್ಲಿ ಶ್ವೋರಿನೊವ್ ಎಂಬ ಎಂಜಿನಿಯರ್ ಲೆಕ್ಕ ಕೊಟ್ಟರು. ಒಂದು ಭಾಗದ ಘನಗಾತ್ರವನ್ನು ಅದರ ಹೊರಮೈಯ ವಿಸ್ತೀರ್ಣದಿಂದ ಭಾಗಿಸಬೇಕು. ಬಂದ ಸಂಖ್ಯೆಯ ವರ್ಗಕ್ಕೆ ತಕ್ಕಷ್ಟು ಹೊತ್ತು ಅದು ಗಟ್ಟಿಯಾಗಲು ಬೇಕು.

ಅಲ್ಲೇ ಒಂದು ರಟ್ಟಿನ ಮೇಲೆ ಲೆಕ್ಕ ಹಾಕಿದೆ. ಚೆಂಡಿಗೆ ತಾಗುವ ತಲೆಯ ಮುಖ 3 ಮಿಲಿಮೀಟರ್ ದಪ್ಪದ ತಗಡು, ಅದಕ್ಕೆ 1.5. ಕುತ್ತಿಗೆ 13.5 ಮಿಲಿಮೀಟರಿನ ದುಂಡು ಸರಳು, ಯಾಕೆಂದರೆ ಕೋಲು ಕೂರುವ ತೂತನ್ನು, ಅಂದರೆ ಬೋರನ್ನು, ಆಮೇಲೆ ಕೊರೆಯುವುದು. ಅದಕ್ಕೆ ಸುಮಾರು 3.4. ಎರಡನ್ನೂ ವರ್ಗ ಮಾಡಿ ಹೋಲಿಸಿದರೆ ಐದು ಪಟ್ಟು. ಮುಖ ಗಟ್ಟಿಯಾಗಿ ಎಷ್ಟೋ ಹೊತ್ತಾದ ಮೇಲೂ ಕುತ್ತಿಗೆ ಇನ್ನೂ ದ್ರವ. ಕುತ್ತಿಗೆ, ಮುಖ, ತಳ ಮೂರೂ ಸೇರುವ ಬುಡದಲ್ಲಿ ಇನ್ನೂ ಜಾಸ್ತಿ ಹೊತ್ತು. ಮತ್ತೆ ಉಕ್ಕು ಒಳಗೆ ಹರಿಯುವ ದಾರಿ, ಅಂದರೆ ಗೇಟ್, ನಾನು ಕೊಟ್ಟಿದ್ದೆಲ್ಲಿ? ತಲೆಯ ಇನ್ನೊಂದು ತುದಿಯಲ್ಲಿ. ಅದೂ ತೆಳ್ಳಗೆ, ಗ್ರೈಂಡಿಂಗ್‌ನವರಿಗೆ ಕೆಲಸ ಕಮ್ಮಿ ಆಗಲಿ ಅಂತ. ಗೇಟಿಗೂ ಬುಡಕ್ಕೂ ನಡುವಿನ ದಾರಿಯೇ ಆ 3 ಮಿಲಿಮೀಟರಿನ ಮುಖ. ದಾರಿ ಮೊದಲೇ ಮುಚ್ಚಿಹೋಯಿತು. ಬುಡ ಬಾಯಾರಿ ಸತ್ತಿತು.

ಈ ಆಕಾರವೇ ಕಷ್ಟದ್ದು. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್‌ಹೈಮ್ 1959ರಲ್ಲಿ ಪಿಂಗ್ ಎಂಬ ಪಟ್ಟರ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್, ಮಾಡಿದರು, 1967ರಲ್ಲಿ ಕೆಲಸ ಬಿಟ್ಟು ಪೂರ್ತಿಯಾಗಿ ಕ್ಲಬ್ ಮಾಡುವುದಕ್ಕೇ ಇಳಿದರು. ತಲೆಯ ನಡುವಿನ ಭಾರವನ್ನು ತೆಗೆದು ಅಂಚಿಗೆ ಹಾಕಿದರೆ, ಚೆಂಡು ಸ್ವಲ್ಪ ಆಚೀಚೆ ತಾಗಿದರೂ ತಲೆ ತಿರುಚಿಕೊಳ್ಳುವುದು ಕಮ್ಮಿ ಅನ್ನುವುದು ಅವರ ವಿಚಾರ. ಆಟಗಾರನಿಗೆ ಅದು ವರ. ಎರಕದವನಿಗೆ ನಡುವೆ ತೆಳು, ಸುತ್ತ ದಪ್ಪ. ನನಗೆ ಆ ವಿಚಾರ ತುಂಬಾ ಇಷ್ಟ, ಅದಕ್ಕೇ ಅದನ್ನು ಕೈಬಿಡಲು ಮನಸ್ಸಿರಲಿಲ್ಲ.

ಬೋರನ್ನು ಎರಕದಲ್ಲೇ ಪೂರ್ತಿ ಬಿಟ್ಟರೆ ಕುತ್ತಿಗೆ ತೆಳ್ಳಗಾಗುತ್ತದೆ ನಿಜ. ಆದರೆ 9 ಮಿಲಿಮೀಟರ್ ಅಗಲದ ಆಳವಾದ ಗುಳಿಯೊಳಗೆ ಸ್ಲರಿ ಒಣಗುವುದು ಹೇಗೆ, ಅದೂ ಜುಲೈನಲ್ಲಿ? ಅಲ್ಲಿ ಮಾತ್ರ ಮಳೆ ನಿಜವಾಗಿ ಅಡ್ಡ ಬಂತು. ಹಾಗಾಗಿ 10 ಮಿಲಿಮೀಟರ್ ಆಳ ಮಾತ್ರ ಗುಳಿ, ಉಳಿದದ್ದು ಡ್ರಿಲ್. ಕುತ್ತಿಗೆಯ ಮೇಲ್ತುದಿ ಮೊದಲು ಗಟ್ಟಿಯಾಗಲು ಅಷ್ಟು ಸಾಕು. ಕುತ್ತಿಗೆ ಮೇಲಿನಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ದಪ್ಪ ಆಗುತ್ತಾ ಬರಬೇಕು. ಮುಖವೂ ತುದಿಯಿಂದ ಬುಡಕ್ಕೆ ಹಾಗೆಯೇ. ಒಳಮೂಲೆಗಳ ಚೂಪು ತೆಗೆದು ದುಂಡು ಮಾಡಬೇಕು. ಗೇಟ್ ಬುಡದ ಅಡಿಯಲ್ಲೇ ಇರಬೇಕು, ಗಿಡ್ಡವಾಗಿ, ಬುಡಕ್ಕಿಂತಲೂ ದಪ್ಪವಾಗಿ. ಎಲ್ಲವೂ ಗಟ್ಟಿಯಾದ ಮೇಲೆ ಕೊನೆಗೆ ಅದು ಗಟ್ಟಿಯಾಗಬೇಕು.

ಮೇಣದ ತಲೆಗಳ ಅಚ್ಚಾದ ಡೈ ತಿದ್ದುವ ಮೊದಲು ಒಂದು ಟ್ರೀ ನೋಡೋಣ ಅಂತ ಮೇಣದ ಕೋಣೆಗೆ ಹೋದೆ. ಅಲ್ಲಿನ ಅಕ್ಕಂದಿರ ಕೈಚಳಕ ನೋಡಿಯೇ ತಿಳಿಯಬೇಕು. ಬಿಸಿ ಚಾಕುವಿನಲ್ಲಿ ಹಳೆ ಗೇಟ್ ಕತ್ತರಿಸಿ ಹೊಸದನ್ನು ಬುಡಕ್ಕೆ ಅಂಟಿಸಿದರು. ಬಿಸಿ ಸರಳಿನಿಂದ ಕುತ್ತಿಗೆಯಲ್ಲಿ ಗುಳಿ ಮಾಡಿದರು. ಮೂಲೆಗಳಿಗೆ ಮೇಣ ಸವರಿ ಬೆರಳಲ್ಲೇ ತಿದ್ದಿದರು. ಹನ್ನೆರಡು ತಲೆ.

ಏಳು ಪದರ ಒಣಗಲು ವಾರ ಹಿಡಿಯಿತು. ಅದರ ನಡುವೆ ಒಂದು ಸಂಜೆ ಕದ್ರಿ ದೇವಸ್ಥಾನಕ್ಕೆ ಹೋಗಿದ್ದೆ. ಅಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಉಂಟಲ್ಲ, 968ರ ಶಾಸನ ಇರುವುದು, ಆಳುಪ ಅರಸ ಕುಂದವರ್ಮನ ಕಾಲದ್ದು. ಚಿಕ್ಕಂದಿನಿಂದ ನೋಡಿದ ಮೂರ್ತಿ. ಅವತ್ತು ಮಾತ್ರ ಬೇರೆಯೇ ಕಂಡಿತು. ಮೂರು ಮುಖ, ಆರು ಕೈ. ಒಂದೊಂದು ಕೈ ಮೈಗೆ ಸೇರುವ ಕಡೆಯೂ ನನ್ನ ಕ್ಲಬ್ಬಿನ ಬುಡದ ಥರದ್ದೇ ದಪ್ಪ ಜಾಗ. ಆ ಕಾಲದಲ್ಲೂ ಮೇಣದಚ್ಚಿನಲ್ಲೇ ಮೂರ್ತಿ ಎರೆಯುತ್ತಿದ್ದರು. ಲೋಹ ಒಳಗೆ ಹರಿಯಲು ಎಲ್ಲೆಲ್ಲಿ ದಾರಿ ಬಿಟ್ಟಿರಬಹುದು ಅಂತ ನೋಡುತ್ತಾ ನಿಂತೆ. ಆರತಿ ಆಗಿದ್ದೂ ಗೊತ್ತಾಗಲಿಲ್ಲ.

ಎರಕದ ದಿನ ಉಕ್ಕನ್ನು ಹಳೆಯ ಬಿಸಿಗೇ ಇಳಿಸಿ ಅಂದೆ. ಮೇಸ್ತ್ರಿ ತಲೆಯಾಡಿಸಿದರು. ಹೊಯ್ದು, ಆರಿಸಿ, ಶೆಲ್ ಒಡೆದು, ಕತ್ತರಿಸಿ, ಮೊದಲ ತಲೆಯನ್ನೇ ಸೀಳಿದೆವು. ಲೆನ್ಸ್ ಹಿಡಿದು ತುಂಬಾ ಹೊತ್ತು ಹುಡುಕಿದೆ. ಬುಡದಲ್ಲಿ ಬರೀ ಉಕ್ಕು. ಎರಡನೆಯದಕ್ಕೆ ಹದ ಮಾಡಿ, ಬೋರ್ ಕೊರೆದು ವೈಸಿಗೆ ಕಚ್ಚಿಸಿದೆ. ಸರಳನ್ನು ಮೇಸ್ತ್ರಿಯ ಕೈಗೆ ಕೊಟ್ಟೆ. ಒಂದು ಡಿಗ್ರಿ. ಎರಡು ಡಿಗ್ರಿ. ಸದ್ದಿಲ್ಲ. ಅವರು ಸರಳು ಬಿಟ್ಟು ಕುತ್ತಿಗೆಯ ಸುತ್ತ ಹೆಬ್ಬೆರಳು ಆಡಿಸಿ ನೋಡಿದರು.

"ಹಿಂದಿನ ಬ್ಯಾಚಿನ ತಪ್ಪು ನಿಮ್ಮದಲ್ಲ ಮೇಸ್ತ್ರಿ, ನನ್ನದು," ಅಂದೆ. ಎಲ್ಲರ ಎದುರಿಗೇ ಹೇಳಿದೆ, ಅವರು ಬೈಗುಳ ಕೇಳಿದ್ದೂ ಎಲ್ಲರ ಎದುರಿಗೇ ಆಗಿತ್ತಲ್ಲ.

"ಆಯ್ತು ಸರ್, ಬಿಡಿ," ಅಂದರು.

ಹನ್ನೆರಡರಲ್ಲಿ ಒಂದರ ಮುಖ ಪೂರ್ತಿ ತುಂಬಿರಲಿಲ್ಲ, ಅದು ಬೇರೆ ಕಥೆ. ದಪ್ಪ ಗೇಟ್ ತೇಯಲು ಎರಡು ಪಟ್ಟು ಹೊತ್ತು ಬೇಕು ಅಂತ ಗ್ರೈಂಡಿಂಗ್‌ನವರು ಬೇಜಾರು ಮಾಡಿಕೊಂಡರು. ಅವರ ಮಾತೂ ಸರಿ, ತೇಯುವಾಗ ತಲೆಯನ್ನು ಹಿಡಿದಿಡುವ ಒಂದು ಜಿಗ್ ಮಾಡಿಕೊಡುವ ಕೆಲಸ ಇನ್ನೂ ಬಾಕಿ ಇದೆ.

ಮರುದಿನ ಒಂದು ಇಂಪೆಲ್ಲರಿನ ಡ್ರಾಯಿಂಗ್ ಡೈ ಶಾಪಿಗೆ ಹೋಗಬೇಕಿತ್ತು. ಅದನ್ನು ಕುಲುಮೆಯ ಹತ್ತಿರ ತಗೊಂಡು ಹೋಗಿ ಮೇಸ್ತ್ರಿಯ ಮುಂದೆ ಹರಡಿದೆ. ಅವರು ಕೈ ಒರೆಸಿಕೊಂಡು, ಬಗ್ಗಿ ನೋಡಿ, ಜೇಬಿನಿಂದ ಸೀಮೆಸುಣ್ಣ ತೆಗೆದು ನಡುವಿನ ದಪ್ಪ ಭಾಗವಾದ ಹಬ್ಬಿನ ಸುತ್ತ ಒಂದು ವೃತ್ತ ಎಳೆದರು.

"ಇಲ್ಲಿಗೆ ಎಂತ ಮಾಡ್ತೀರಿ ಸರ್?"

ನಾನು ಡ್ರಾಯಿಂಗ್ ಸುತ್ತಿಕೊಂಡು ಮತ್ತೆ ಮೇಜಿಗೆ ಬಂದೆ.