ಐದು ಮನೆಮಾತುಗಳ ನಡುವೆ ಒಂದು ಕನ್ನಡ ಶಾಲೆ

ಒಂಬತ್ತನೆಯ ತರಗತಿಯಲ್ಲಿ ನಾವು ಮೂವತ್ತೆಂಟು ಮಂದಿ ಇದ್ದೆವು. ಅವರಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಐದಾರು ಮಂದಿ ಮಾತ್ರ, ಅದೂ ಹವ್ಯಕರ ಕನ್ನಡ. ಉಳಿದವರ ಮನೆಗಳಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳ. ಬೆಳಗ್ಗೆ ಮದ್ರಸ ಮುಗಿಸಿ ಓಡೋಡಿ ಬರುತ್ತಿದ್ದ ನನ್ನ ಬೆಂಚಿನ ಗೆಳೆಯ ಗೇಟಿನ ತನಕ ತಮ್ಮನೊಡನೆ ತನ್ನ ಮನೆಯ ಮಾತಿನಲ್ಲಿ ಜಗಳವಾಡುತ್ತಾ ಬಂದು, ಮೆಟ್ಟಿಲು ಹತ್ತಿದ ಕೂಡಲೇ ಕನ್ನಡಕ್ಕೆ ತಿರುಗುತ್ತಿದ್ದ. ಹಾಗೆ ಮಾಡಬೇಕೆಂದು ಯಾರೂ ನಮಗೆ ಹೇಳಿರಲಿಲ್ಲ. ಎಲ್ಲರಿಗೂ ಅರ್ಥವಾಗುವ ಮಾತು ಅದೊಂದೇ ಆಗಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕಡೆಯ ಈ ಶಾಲೆಯನ್ನು ಬಿಟ್ಟು ಇಷ್ಟು ವರ್ಷಗಳಾದ ಮೇಲೂ, ಇಲ್ಲಿ ನಾನು ಕಲಿತದ್ದರಲ್ಲಿ ದೊಡ್ಡದು ಯಾವುದೆಂದು ಯಾರಾದರೂ ಕೇಳಿದರೆ ನನಗೆ ಆ ಮೆಟ್ಟಿಲೇ ನೆನಪಾಗುತ್ತದೆ.

ನಮ್ಮದು ತುಳು ಮನೆ. ಅಮ್ಮ ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಸಂಜೆ ಜಗಲಿಯಲ್ಲಿ ಕೂತು, ಮಡಿಲ ಮೇಲೆ ಗೆರಸೆಯಿಟ್ಟು ಬೀಡಿ ಕಟ್ಟುತ್ತಾ, ನನ್ನಿಂದ ಪಾಠವನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಓದುವುದನ್ನು ನಿಲ್ಲಿಸಿದರೆ ಎಲೆ ಕತ್ತರಿಸುವ ಕತ್ತರಿಯ ಸದ್ದೂ ನಿಲ್ಲುತ್ತಿತ್ತು. ಕೇಳಿದ್ದನ್ನು ಅವರು ಅಜ್ಜಿಗೆ ತುಳುವಿನಲ್ಲಿ ಹೇಳುವರು. ಒಮ್ಮೆ ಪಾಠದಲ್ಲಿ ‘ಮುಂಗಾರು’ ಎಂಬ ಪದ ಬಂತು. “ಮುಂಗಾರು ಪಂಡ ದಾದ?” ಎಂದು ಅಜ್ಜಿ ಕೇಳಿದರು. ಅಮ್ಮ ಸ್ವಲ್ಪ ಯೋಚಿಸಿ, “ಕಾರ್ತೆಲ್‌ದ ಬರ್ಸ” ಎಂದರು. ಕಾರ್ತೆಲ್ ತಿಂಗಳ ಮಳೆ ಎಂದರೇನು ಎಂದು ಅಜ್ಜಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಪುಸ್ತಕದ ಪದವೊಂದು ನಮ್ಮ ಅಂಗಳದ ಮಳೆಯಾದದ್ದನ್ನು ನಾನು ಅಂದು ಮೊದಲ ಬಾರಿಗೆ ಕಂಡೆ.

ಶಾಲೆಗೆ ಸೇರುವ ಮೊದಲೇ ಕನ್ನಡ ನಮ್ಮ ಕಿವಿಗೆ ಬಿದ್ದದ್ದು ಯಕ್ಷಗಾನದಿಂದ. ದೈವಗಳು ನಮ್ಮೊಡನೆ ತುಳುವಿನಲ್ಲಿ ನುಡಿಯುತ್ತಿದ್ದವು, ರಾಮ ರಾವಣರು ಕನ್ನಡದಲ್ಲಿ ಮಾತಾಡುತ್ತಿದ್ದರು. ಇದರಲ್ಲಿ ವಿಚಿತ್ರವೇನೂ ನಮಗೆ ಕಾಣುತ್ತಿರಲಿಲ್ಲ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮೂಲಪುರುಷನೆಂದು ಹೆಸರಾದ ಪಾರ್ತಿಸುಬ್ಬ ನಮ್ಮ ಕುಂಬಳೆ ಸೀಮೆಯವನೇ. ಕನ್ನಡ ಪಾಠ ಮಾಡುತ್ತಿದ್ದ ಮಾಷ್ಟ್ರು, ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ಅರ್ಥಧಾರಿಗಳೂ ಆಗಿದ್ದರು. ಪದ್ಯವೊಂದನ್ನು ಕೊಟ್ಟು, “ನೀನು ಕರ್ಣ, ನೀನು ಕೃಷ್ಣ, ಮಾತಾಡಿ” ಎಂದು ನಮ್ಮನ್ನು ಎದುರುಬದುರು ನಿಲ್ಲಿಸುತ್ತಿದ್ದರು. ಒಂದು ದಿನ ಕರ್ಣನಾದ ಮದ್ರಸದ ಗೆಳೆಯ, ಕುಲದ ಮಾತನ್ನೆತ್ತಿದ ಕೃಷ್ಣನಿಗೆ ಕೊಟ್ಟ ಉತ್ತರವನ್ನು ಕೇಳಿ ಮಾಷ್ಟ್ರು ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ನಮ್ಮ ಪಾಠಪುಸ್ತಕಗಳು ಕೇರಳ ಸರಕಾರದವು. ಪೆರಿಯಾರ್, ಭಾರತಪ್ಪುಳ ನದಿಗಳ ಹಾದಿಯನ್ನು ನಾವು ಕನ್ನಡದಲ್ಲಿ ಬಾಯಿಪಾಠ ಮಾಡಿದವರು. ಕೇರಳದ ಸಮಾಜ ಸುಧಾರಕರಾದ ಶ್ರೀ ನಾರಾಯಣ ಗುರುಗಳನ್ನೂ ಅಯ್ಯಂಕಾಳಿಯವರನ್ನೂ ಕನ್ನಡದಲ್ಲೇ ತಿಳಿದೆವು. ಅದರ ಬಗ್ಗೆ ನನಗೆ ಇಂದಿಗೂ ಸಂತೋಷವಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ರಾಜ್ಯಗಳ ಗಡಿ ವಿವಾದಕ್ಕಾಗಿ ನೇಮಕವಾಗಿದ್ದ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿದರೂ ಅದು ನಡೆಯಲಿಲ್ಲ. ಇವೆಲ್ಲ ಮಕ್ಕಳಾದ ನಮಗೆ ತಿಳಿದಿದ್ದದ್ದು ನವೆಂಬರ್ ಒಂದರ ಅಸೆಂಬ್ಲಿಯಿಂದ ಮಾತ್ರ. ಅಂದು ಶಾಲೆಯಲ್ಲಿ ಕೇರಳಪಿರವಿ ಎಂಬ ಕೇರಳದ ಹುಟ್ಟುದಿನ, ಊರಿನ ಸಂಘದಲ್ಲಿ ರಾಜ್ಯೋತ್ಸವ. ಬೆಳಗ್ಗೆ ಮಲಯಾಳ ಹಾಡಿಗೆ ಚಪ್ಪಾಳೆ ತಟ್ಟಿದವರೇ ಸಂಜೆ ಗೋವಿಂದ ಪೈಗಳ ಪದ್ಯ ಹಾಡುತ್ತಿದ್ದೆವು. ಮಂಜೇಶ್ವರದ ಆ ಕವಿಗೆ ರಾಷ್ಟ್ರಕವಿ ಎಂಬ ಬಿರುದನ್ನು 1949ರಲ್ಲಿ ಕೊಟ್ಟದ್ದು ಮದ್ರಾಸ್ ಸರಕಾರ ಎಂದು ಮಾಷ್ಟ್ರು ಪ್ರತಿ ವರ್ಷವೂ ತಪ್ಪದೆ ಹೇಳುತ್ತಿದ್ದರು.

ಕಷ್ಟ ಎದುರಾದದ್ದು ಒಂಬತ್ತನೆಯ ತರಗತಿಯಲ್ಲಿ. ಗಣಿತಕ್ಕೆ ಬಂದ ಅಧ್ಯಾಪಕರಿಗೆ ಕನ್ನಡ ತಿಳಿದಿರಲಿಲ್ಲ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರನ್ನು ಕಳುಹಿಸುವುದು ಮಕ್ಕಳಿಗೆ ಮಾಡುವ ಅನ್ಯಾಯವೆಂದು ನಾನು ಈಗಲೂ ನಂಬಿದ್ದೇನೆ. ಆದರೆ ಆ ಅಧ್ಯಾಪಕರ ಮೇಲೆ ನಮಗೆ ಸಿಟ್ಟಿರಲಿಲ್ಲ. ಅವರೂ ನಮ್ಮಷ್ಟೇ ಸಂಕಟಪಡುತ್ತಿದ್ದರು. ಲೆಕ್ಕವನ್ನು ಬೋರ್ಡಿನಲ್ಲಿ ಬಿಡಿಸಿ, ಮಲಯಾಳದಲ್ಲಿ ಎರಡು ಮಾತು ಹೇಳಿ, ನಮ್ಮ ಮುಖಗಳನ್ನು ನೋಡುತ್ತಿದ್ದರು. ಆಗ ಮಲಯಾಳ ಮನೆಮಾತಿನ ಹುಡುಗಿಯೊಬ್ಬಳು ಎದ್ದು ನಿಂತು ಅದನ್ನು ಕನ್ನಡಕ್ಕೆ ತಿರುಗಿಸುತ್ತಿದ್ದಳು. ಸಮಪಾರ್ಶ್ವ, ವಿಕರ್ಣ, ತ್ರಿಜ್ಯ ಎಂಬ ಪದಗಳಿಗಾಗಿ ಅವಳು ಹಿಂದಿನ ರಾತ್ರಿಯೇ ಪುಸ್ತಕ ಹುಡುಕಿಟ್ಟುಕೊಳ್ಳುತ್ತಿದ್ದಳಂತೆ. ಓಣಂ ಪರೀಕ್ಷೆಯಲ್ಲಿ ತರಗತಿಯ ಅರ್ಧದಷ್ಟು ಮಂದಿ ತೇರ್ಗಡೆಯಾದದ್ದು ಅವಳಿಂದ. ತನ್ನದಲ್ಲದ ಭಾಷೆಯಲ್ಲಿ ನಮಗೆಲ್ಲ ಗಣಿತ ಕಲಿಸಿದ ಅವಳಿಗೆ ಅಂದು ಯಾರೂ ಕೃತಜ್ಞತೆ ಹೇಳಲಿಲ್ಲ. ಈ ಬರಹದ ಮೂಲಕ ನಾನು ಹೇಳುತ್ತಿದ್ದೇನೆ.

1997ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮಂಗಳೂರಿನ ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಸಾಲಿನ ಎದುರು ನಾನು ಬಹಳ ಹೊತ್ತು ಪೆನ್ನು ಹಿಡಿದು ನಿಂತಿದ್ದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ ಎಂಬುದು ನನಗೆ ತಿಳಿದದ್ದು ಮುಂದೆ. ಆ ವಿಧಿ ಸೇರಿದ್ದೂ ನಮ್ಮ ಊರು ಕೇರಳಕ್ಕೆ ಸೇರಿದ ಅದೇ 1956ರಲ್ಲಿ. ತಾಯಿಯ ಮಾತು ತುಳು, ಆದರೆ ತಾಯಿಯೇ ಓದಿ ನನ್ನಿಂದಲೂ ಓದಿಸಿದ ಮಾತು ಕನ್ನಡ. ಕಾಸರಗೋಡಿನ ಕನ್ನಡವನ್ನು ಜನಗಣತಿಯ ಮನೆಮಾತಿನ ಲೆಕ್ಕದಿಂದ ಅಳೆಯುವವರಿಗೆ ನಮ್ಮ ತರಗತಿಯ ಆ ಮೂವತ್ತೆಂಟು ಮಂದಿಯನ್ನು ತೋರಿಸಬೇಕೆಂದು ನನಗೆ ಎಷ್ಟೋ ಬಾರಿ ಅನಿಸಿದೆ. ಅರ್ಜಿಯಲ್ಲಿ ನಾನು ತುಳು ಎಂದೇ ಬರೆದೆ.

ಹತ್ತು ವರ್ಷ ಕೇರಳದಲ್ಲಿ ಓದಿದರೂ ನನಗೆ ಮಲಯಾಳ ಅಕ್ಷರ ಬರುತ್ತಿರಲಿಲ್ಲ, ಬಸ್ಸಿನ ಬೋರ್ಡನ್ನು ಪಕ್ಕದವರಿಂದ ಓದಿಸಿಕೊಳ್ಳುತ್ತಿದ್ದೆ. ಇದು ನನ್ನ ಕಲಿಕೆಯಲ್ಲಿ ಉಳಿದ ಕೊರತೆ. ಆ ಅಕ್ಷರಗಳನ್ನು ಈಚೆಗೆ ನನಗೆ ಕಲಿಸಿದವಳು ತಮ್ಮನ ಮಗಳು. ಅವಳೂ ಇದೇ ಶಾಲೆಯ ಕನ್ನಡ ಮಾಧ್ಯಮದಲ್ಲಿ ಓದುತ್ತಿದ್ದಾಳೆ. ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಅವಳು ಜಗಲಿಯಲ್ಲಿ ಕೂತು ಕನ್ನಡ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಅಮ್ಮ ಬೀಡಿ ಕಟ್ಟುವುದನ್ನು ಬಿಟ್ಟು ಬಹಳ ಕಾಲವಾಗಿದೆ, ಕಿವಿಯೂ ಸ್ವಲ್ಪ ಮಂದ. ಅರ್ಥವಾಗದ ಪದವೊಂದು ಬಂದಾಗ ಅವರು ಕೈಯೆತ್ತಿ ಓದನ್ನು ನಿಲ್ಲಿಸಿ, “ಅದು ಪಂಡ ದಾದ?” ಎಂದು ಕೇಳಿದರು. ಮೊಮ್ಮಗಳು ಪುಸ್ತಕವನ್ನು ಮಗುಚಿಟ್ಟು ತುಳುವಿನಲ್ಲಿ ಹೇಳತೊಡಗಿದಳು.