ಕ್ಲೀವ್‌ಲ್ಯಾಂಡಿನ ಕರಾರು: ಐದನೆಯ ತಿಂಗಳು

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ, ಮಾರಲು ಹೊರಟಿರುವುದು ಒಹಾಯೊದ ಕ್ಲೀವ್‌ಲ್ಯಾಂಡಿನ ಮನೆ. ಮನೆ ಎಂದರೂ ತಪ್ಪೇ, ಅದನ್ನು ಕೊಳ್ಳುವ ಕರಾರು ಎನ್ನಬೇಕು. ಮಾಲೀಕರೊಂದಿಗೆ ಒಂದು ಬೆಲೆಗೆ ಕರಾರು ಬರೆದುಕೊಂಡು, ಆ ಹಕ್ಕನ್ನು ರಿಪೇರಿ ಮಾಡಿಸಿ ಮಾರುವವರಿಗೆ ವರ್ಗಾಯಿಸಿ, ನಡುವಿನ ಹಣ ಪಡೆಯುವುದಕ್ಕೆ ಇಲ್ಲಿ ಹೋಲ್‌ಸೇಲಿಂಗ್ ಎನ್ನುತ್ತಾರೆ. ನಮ್ಮ ಹಾಸನದಲ್ಲೂ ಸೈಟಿಗೆ ಅಗ್ರಿಮೆಂಟ್ ಮಾಡಿಸಿಕೊಂಡು, ನೋಂದಣಿಗೆ ಮುಂಚೆಯೇ ಬೇರೆಯವರಿಗೆ ದಾಟಿಸುವವರಿದ್ದಾರೆ. ಅಂಥವರನ್ನು ಅಪ್ಪ ಜಗಲಿ ಹತ್ತಿಸುತ್ತಿರಲಿಲ್ಲ. ಅಪ್ಪನಿಗೆ ನನ್ನ ಈ ಕಸುಬನ್ನು ಇನ್ನೂ ಹೇಳಿಲ್ಲ.

ಮೊದಲ ನಾಲ್ಕು ತಿಂಗಳು ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ತೆರಿಗೆ ಬಾಕಿ ಇರುವ ಮನೆಗಳನ್ನು ಕೌಂಟಿಯ ದಾಖಲೆಗಳಲ್ಲಿ ಹುಡುಕಿ 600 ಪತ್ರ ಹಾಕಿದೆ. 11 ಕರೆ ಬಂದವು, ನಾಲ್ಕು ಬರೀ ಬೈಗುಳ.

ಕೊನೆಗೆ ಓಲ್ಡ್ ಬ್ರೂಕ್ಲಿನ್ ಬಡಾವಣೆಯ 1924ರ ಮರದ ಮನೆಯೊಂದು ಕುದುರಿತು. ರಿಪೇರಿಯಾದ ಮೇಲೆ 1,40,000 ಡಾಲರಿಗೆ ಹೋಗುತ್ತದೆ ಎಂದುಕೊಂಡೆ. ರಿಪೇರಿ ಮಾಡಿಸಿ ಮಾರುವವರು ಕೊಳ್ಳುವ ಬೆಲೆ, ರಿಪೇರಿ ಎರಡೂ ಸೇರಿ ಅದರ ಶೇ. 70 ದಾಟದಂತೆ ನೋಡಿಕೊಳ್ಳುತ್ತಾರೆ, ಎಂದರೆ 98,000. ರಿಪೇರಿಗೆ 45,000, ನನಗೆ 8,000 ಕಳೆದರೆ 45,000. ಅಷ್ಟಕ್ಕೇ ಸಹಿ ಆಯಿತು, ಪರಿಶೀಲನೆಗೆ 14 ದಿನ. ಫೋಟೊಗಳಲ್ಲಿ ಮನೆ ಅಚ್ಚುಕಟ್ಟಾಗಿಯೇ ಇತ್ತು.

ಅಲ್ಲಿನ ರಿಯಲ್ ಎಸ್ಟೇಟ್ ಏಜೆಂಟ್ ಒಬ್ಬರನ್ನು ಗೊತ್ತು ಮಾಡಿಕೊಂಡದ್ದು ಆಮೇಲೆ. ಮನೆ ನೋಡಿ ಬಂದರೆ 200 ಡಾಲರ್ ಕಳಿಸುತ್ತೇನೆ ಎಂದೆ. ನೇರವಾಗಿ ತೆಗೆದುಕೊಳ್ಳುವಂತಿಲ್ಲ, ತಾವು ಯಾರ ಕೈಕೆಳಗೆ ಕೆಲಸ ಮಾಡುತ್ತಾರೋ ಆ ಬ್ರೋಕರ್ ಮೂಲಕವೇ ಬರಬೇಕು ಎಂದರು. ನಾನು ಬರೆದಿಟ್ಟಿದ್ದ ಜಾಹೀರಾತನ್ನೂ ತಿದ್ದಿದರು: ‘ಮನೆ ಮಾರಾಟಕ್ಕಿದೆ’ ಎನ್ನಬಾರದು, ಏಜೆಂಟ್ ಲೈಸೆನ್ಸ್ ಇಲ್ಲದ ನನ್ನ ಬಳಿ ಮಾರಲು ಇರುವುದು ಕರಾರಿನ ಹಕ್ಕು ಮಾತ್ರ. ಪಕ್ಕದ ಪೆನ್ಸಿಲ್ವೇನಿಯಾದಲ್ಲಂತೂ 2025ರ ಜನವರಿಯಿಂದ ಹೋಲ್‌ಸೇಲ್ ಮಾಡುವವರಿಗೂ ಲೈಸೆನ್ಸ್ ಕಡ್ಡಾಯ.

ಅವರು ಹೋದದ್ದು ಅಲ್ಲಿಯ ಬೆಳಿಗ್ಗೆ ಒಂಬತ್ತಕ್ಕೆ, ನನಗೆ ಆರು ಗಂಟೆ. ಕಾಫಿ ಹಿಡಿದು ವಿಡಿಯೊ ಕರೆಯಲ್ಲಿ ಕುಳಿತೆ. ಹಾಲ್, ಅಡುಗೆಮನೆ ಎಲ್ಲ ಸರಸರ ದಾಟಿ ನೆಲಮಾಳಿಗೆಗೆ ಇಳಿದು ಗೋಡೆಗೆ ಟಾರ್ಚ್ ಬಿಟ್ಟರು. ಮೊಣಕಾಲೆತ್ತರದಲ್ಲಿ ಉದ್ದಕ್ಕೂ ಉಪ್ಪುಗಟ್ಟಿದ ಬಿಳಿ ಗೆರೆ, ಗೋಡೆಗೆ ನೀರು ಹಿಡಿದ ಗುರುತು. ‘ವಾಸನೆ ನಿಮಗೆ ಬರುವುದಿಲ್ಲವಲ್ಲ’ ಎಂದು ನಕ್ಕರು. ಚರಂಡಿಯ ಕೊಳವೆ ಹಳೆಯ ಕಾಲದ ಮಣ್ಣಿನದು, ಮರದ ಬೇರು ನುಗ್ಗಿರಬಹುದು ಎಂದು ಕ್ಯಾಮೆರಾ ಇಳಿಸಿ ನೋಡಲು ಹೇಳಿದರು. ಬೇರು ನುಗ್ಗಿಯೇ ಇತ್ತು. ರಿಪೇರಿ ಲೆಕ್ಕ 58,000ಕ್ಕೆ ಏರಿತು. ಗಡುವಿಗೆ ಎರಡು ದಿನ ಇರುವಾಗ ಮಾಲೀಕರಿಗೆ ವಿಡಿಯೊ ಕಳಿಸಿ ಮತ್ತೆ ಮಾತಾಡಿದೆ, 36,000ಕ್ಕೆ ಒಪ್ಪಿದರು. 40,000 ಕೊಡುವ ಗಿರಾಕಿ ಸಿಕ್ಕರು. ನನ್ನ ಪಾಲು ಅರ್ಧಕ್ಕೆ ಇಳಿಯಿತು.

ಮುಗಿಯಿತು ಎನ್ನುವಷ್ಟರಲ್ಲಿ ಮಾಲೀಕತ್ವದ ದಾಖಲೆ ಪರಿಶೀಲಿಸಿ ಕ್ರಯ ಮುಗಿಸಿಕೊಡುವ ಟೈಟಲ್ ಕಂಪನಿಯಿಂದ ಮೇಲ್ ಬಂತು: ಮಾಲೀಕರಿಗೆ ಮದುವೆಯಾಗಿದೆಯೇ? ಮನೆಯ ಕ್ರಯಪತ್ರದಲ್ಲಿ ಅವರೊಬ್ಬರದೇ ಹೆಸರು, ಹೆಂಡತಿ ಬೇರೆಯಾಗಿ ವರ್ಷಗಳೇ ಕಳೆದಿವೆ, ಆದರೆ ವಿಚ್ಛೇದನ ಆಗಿಲ್ಲ. ಒಹಾಯೊದಲ್ಲಿ ಡವರ್ ಎಂಬ ಹಳೆಯ ಹಕ್ಕು ಇನ್ನೂ ಜೀವಂತವಾಗಿದೆ. ಪತ್ರದಲ್ಲಿ ಹೆಸರಿಲ್ಲದಿದ್ದರೂ ಗಂಡನ ಅಥವಾ ಹೆಂಡತಿಯ ಆಸ್ತಿಯ ಮೂರನೇ ಒಂದು ಭಾಗದಲ್ಲಿ ಜೀವಿತಾವಧಿಯ ಹಕ್ಕು. ಅದನ್ನು ಸಹಿ ಹಾಕಿ ಬಿಟ್ಟುಕೊಟ್ಟರೆ ಮಾತ್ರ ಕ್ರಯ ಸಲೀಸು. ಮಾಲೀಕರನ್ನು ಇದೊಂದು ಪ್ರಶ್ನೆ ಕೇಳಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಚಾವಣಿ ಎಷ್ಟು ವರ್ಷದ್ದೆಂದು ಕೇಳಿದ್ದೆ, ಮದುವೆಯ ಬಗ್ಗೆ ಕೇಳಿರಲಿಲ್ಲ.

ಆಕೆ ಈಗ ಅಟ್ಲಾಂಟಾದಲ್ಲಿದ್ದಾರೆ. ಫೋನಿನಲ್ಲಿ ಸಿಟ್ಟೇನೂ ಮಾಡಲಿಲ್ಲ, ‘ಆ ಮನೆ ಇನ್ನೂ ನಿಂತಿದೆಯೇ?’ ಎಂದು ಕೇಳಿದರು. ಕಾಗದಗಳು ಸೋಮವಾರ ಕೊರಿಯರಿನಲ್ಲಿ ಹೋದವು. ನೋಟರಿ ಎದುರು ಸಹಿಯಾಗಿ ಬರುವ ತನಕ ಕ್ರಯವನ್ನು ಎರಡು ವಾರ ಮುಂದೂಡಿದ್ದೇವೆ, ಗಿರಾಕಿ ಕಾಯಲು ಒಪ್ಪಿದ್ದಾರೆ. ಈ ವಾರ ಅಲ್ಲಿ ಹಿಮ ಬೀಳುವ ಸೂಚನೆ ಇದೆ. ಖಾಲಿ ಮನೆಯ ಕೊಳವೆಗಳು ಹೆಪ್ಪುಗಟ್ಟಿ ಒಡೆಯದಂತೆ ಏಜೆಂಟ್ ನಿನ್ನೆ ಹೋಗಿ ಮೀಟರಿನ ಬಳಿ ನೀರು ನಿಲ್ಲಿಸಿ, ನಲ್ಲಿಗಳನ್ನೆಲ್ಲ ತೆರೆದಿಟ್ಟು ಫೋಟೊ ಕಳಿಸಿದರು.